ಮಿತವ್ಯಯದಲ್ಲಿ ಓವರ್‌ಕ್ಲಾಕಿಂಗ್: ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಆಯ್ಕೆಗೊಂದು ಕೈಪಿಡಿ

ಗಣಕಯಂತ್ರದ ಪ್ರೊಸೆಸರನ್ನು ಅದರ ತಯಾರಕರು ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಅಗ್ಗದ ಪ್ರೊಸೆಸರೊಂದನ್ನು ಕೊಂಡು ಅದರಿಂದ ದುಬಾರಿ ಪ್ರೊಸೆಸರಿನ ಕೆಲಸ ತೆಗೆಯಬೇಕೆಂಬ ಆಸೆಯಿಂದ ಬೆಳೆದ ವಿದ್ಯೆ ಅದು. ಆದುದರಿಂದಲೇ ಕೈಯಲ್ಲಿ ಹಣ ಕಡಿಮೆಯಿರುವ ತರುಣರನ್ನು ಅದು ಬೇಗ ಸೆಳೆಯುತ್ತದೆ. ಅಂಥವರೇ ಅದರಲ್ಲಿ ಹಣ ಕಳೆದುಕೊಳ್ಳುವುದೂ ಹೆಚ್ಚು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವೀಡಿಯೊ ಸಂಕಲನದ ಕೆಲಸಕ್ಕೆಂದು ಗಣಕಯಂತ್ರದ ಬಿಡಿಭಾಗಗಳನ್ನು ಕೊಂಡು ತಂದು ನನಗೆ ತೋರಿಸಿದ. ಪ್ರೊಸೆಸರ್ ಇಂಟೆಲ್ ಕೋರ್ ಐ5-12400ಎಫ್. ಮದರ್‌ಬೋರ್ಡ್ ಝಡ್690 ಚಿಪ್‌ಸೆಟ್ಟಿನದು. ಬೋರ್ಡಿನ ಪೆಟ್ಟಿಗೆಯ ಮೇಲೆ ಓವರ್‌ಕ್ಲಾಕಿಂಗಿನ ಬಗ್ಗೆ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಅದನ್ನು ನಂಬಿ ಅವನು ಸಾಧಾರಣ ಬೋರ್ಡಿಗಿಂತ ಹಲವು ಸಾವಿರ ರೂಪಾಯಿ ಹೆಚ್ಚು ಕೊಟ್ಟಿದ್ದ. ಬೋರ್ಡು ಓವರ್‌ಕ್ಲಾಕಿಂಗಿಗೆ ಸಿದ್ಧವೇ ಇತ್ತು. ಆದರೆ ಅವನ ಪ್ರೊಸೆಸರಿಗೆ ತಯಾರಕರೇ ಬೀಗ ಹಾಕಿದ್ದರು. ಪೆಟ್ಟಿಗೆ ಬಿಚ್ಚಿದ್ದರಿಂದ ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಹಣದಲ್ಲಿ ಅವನ ತಾಯಿ ಬೀಡಿ ಕಟ್ಟಿ ಕೂಡಿಸಿದ್ದೂ ಸೇರಿತ್ತು.

ಹುಡುಗನು ದಡ್ಡನಲ್ಲ. ಈ ವಿಷಯದ ಮಾಹಿತಿಯನ್ನೆಲ್ಲ ಅವನು ಇಂಗ್ಲಿಷಿನಲ್ಲಿ ಓದಿ, ಅರ್ಧ ತಿಳಿದು, ಉಳಿದರ್ಧವನ್ನು ಅಂಗಡಿಯವರ ಮಾತಿನಿಂದ ತುಂಬಿಕೊಂಡಿದ್ದ. ಕನ್ನಡ ಮಾಧ್ಯಮದಲ್ಲಿ ಕಲಿತವರು ಕನ್ನಡದಲ್ಲಿಯೇ ಓದಿ ನಿರ್ಧರಿಸಲು ಅನುಕೂಲವಾಗಲೆಂದು ಈ ಕೈಪಿಡಿಯನ್ನು ಸಿದ್ಧಪಡಿಸಿದ್ದೇನೆ. ಇದರ ಸಾರ ಇಷ್ಟೆ: ಓವರ್‌ಕ್ಲಾಕಿಂಗ್ ಎಂಬುದು ಪ್ರೊಸೆಸರಿನ ಗುಣವೂ ಅಲ್ಲ, ಬೋರ್ಡಿನ ಗುಣವೂ ಅಲ್ಲ, ಅದು ಆ ಜೋಡಿಯ ಗುಣ. ಆ ಜೋಡಿಗೆ ತಗಲುವ ಪೂರ್ಣ ವೆಚ್ಚವನ್ನು ಲೆಕ್ಕ ಹಾಕದೆ ಹಣ ತೆರಬಾರದು.

ವೇಗದ ಲೆಕ್ಕ

ಪ್ರೊಸೆಸರಿನ ವೇಗವು ಎರಡು ಸಂಖ್ಯೆಗಳ ಗುಣಲಬ್ಧ. ಒಂದು ಮೂಲ ಆವೃತ್ತಿ. ಇಂದಿನ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ 100 ಮೆಗಾಹರ್ಟ್ಸ್. ಇನ್ನೊಂದು ಗುಣಕ. ಗುಣಕವು 36 ಆಗಿದ್ದರೆ ವೇಗವು 3,600 ಮೆಗಾಹರ್ಟ್ಸ್, ಅಂದರೆ 3.6 ಗಿಗಾಹರ್ಟ್ಸ್ ಆಗುತ್ತದೆ. ಎರಡರಲ್ಲಿ ಯಾವುದನ್ನು ಏರಿಸಿದರೂ ವೇಗ ಏರುತ್ತದೆ. ಆದರೆ ಇಂದಿನ ಯಂತ್ರಗಳಲ್ಲಿ ಮೂಲ ಆವೃತ್ತಿಯು ಇತರ ಭಾಗಗಳೊಂದಿಗೂ ಹೆಣೆದುಕೊಂಡಿರುವುದರಿಂದ ಅದನ್ನು ಹೆಚ್ಚು ಅಲುಗಾಡಿಸುವಂತಿಲ್ಲ. ಆದುದರಿಂದ ಓವರ್‌ಕ್ಲಾಕಿಂಗ್ ಎಂದರೆ ಬಹುಮಟ್ಟಿಗೆ ಗುಣಕವನ್ನು ಏರಿಸುವುದೇ. ಗುಣಕಕ್ಕೆ ತಯಾರಕರು ಬೀಗ ಹಾಕಿದ್ದರೆ ಆ ದಾರಿ ಮುಚ್ಚಿದಂತೆ.

ವೇಗ ಏರಿದಂತೆ ಪ್ರೊಸೆಸರಿಗೆ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಪ್ರೊಸೆಸರು ಕೆಲಸ ಮಾಡುವಾಗ ಬಳಸುವ ವಿದ್ಯುತ್ ಸಾಮರ್ಥ್ಯವು ಆವೃತ್ತಿಗೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ನೇರ ಅನುಪಾತದಲ್ಲಿಯೂ ಇರುತ್ತದೆ. ವೇಗವನ್ನು ಶೇ. 10ರಷ್ಟು, ವೋಲ್ಟೇಜನ್ನು ಶೇ. 10ರಷ್ಟು ಏರಿಸಿದರೆ ವಿದ್ಯುತ್ ಬಳಕೆ 1.1 × 1.1 × 1.1, ಅಂದರೆ ಸುಮಾರು 1.33 ಪಟ್ಟಾಗುತ್ತದೆ. ಹತ್ತು ಪಾಲು ವೇಗಕ್ಕೆ ಮೂವತ್ತಮೂರು ಪಾಲು ಶಾಖ. ಈ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವುದೆಲ್ಲ ಸುಲಭವಾಗಿ ತಿಳಿಯುತ್ತದೆ.

ಒಂದೇ ಹೆಸರಿನ, ಒಂದೇ ಬೆಲೆಯ ಎರಡು ಪ್ರೊಸೆಸರುಗಳು ಒಂದೇ ಮಟ್ಟಕ್ಕೆ ಏರುವುದಿಲ್ಲ ಎಂಬುದನ್ನೂ ಮರೆಯಬಾರದು. ಸಿಲಿಕಾನ್ ತುಣುಕುಗಳ ನಡುವೆ ಸೂಕ್ಷ್ಮ ವ್ಯತ್ಯಾಸಗಳಿರುತ್ತವೆ. ಬೇರೊಬ್ಬರಿಗೆ ದೊರೆತ ವೇಗ ನಮಗೂ ದೊರೆಯುವುದೆಂಬ ಖಾತರಿಯನ್ನು ಯಾರೂ ಕೊಡಲಾರರು.

ಅಂದಿನ ಲಾಭ, ಇಂದಿನ ಲಾಭ

ಮಿತವ್ಯಯದ ಓವರ್‌ಕ್ಲಾಕಿಂಗಿನ ಮಾತು ಬಂದಾಗಲೆಲ್ಲ ಹಿರಿಯರು ನೆನೆಯುವುದು ಇಂಟೆಲ್ ಸೆಲೆರಾನ್ 300ಎ ಎಂಬ ಪ್ರೊಸೆಸರನ್ನು. 1998ರ ಆಗಸ್ಟಿನಲ್ಲಿ 149 ಡಾಲರ್ ಬೆಲೆಗೆ ಬಂದ ಇದರ ಮೂಲ ಆವೃತ್ತಿ 66 ಮೆಗಾಹರ್ಟ್ಸ್, ಗುಣಕ 4.5, ವೇಗ 300 ಮೆಗಾಹರ್ಟ್ಸ್. ಗುಣಕಕ್ಕೆ ಬೀಗವಿದ್ದರೂ ಮೂಲ ಆವೃತ್ತಿಯನ್ನು 100ಕ್ಕೆ ಏರಿಸಿದರೆ ವೇಗ 450 ಮೆಗಾಹರ್ಟ್ಸ್ ಆಗುತ್ತಿತ್ತು. ಅದೇ ವೇಗದ ಪೆಂಟಿಯಂ 2 ಪ್ರೊಸೆಸರಿಗೆ ಅಂದು 669 ಡಾಲರ್. ಶೇ. 50ರಷ್ಟು ವೇಗ ಪುಕ್ಕಟೆಯಾಗಿ ದೊರೆತಂತಾಯಿತು. ಆದರೆ ಇದು ಎಲ್ಲ ಬೋರ್ಡುಗಳಲ್ಲಿಯೂ ಸಾಧ್ಯವಿರಲಿಲ್ಲ. 100 ಮೆಗಾಹರ್ಟ್ಸ್‌ಗೆಂದೇ ರೂಪಿಸಿದ 440ಬಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡು ಇದ್ದವರಿಗೆ ಅದು ಸುಲಭವಾಗಿತ್ತು. 66 ಮೆಗಾಹರ್ಟ್ಸ್‌ಗೆ ಸೀಮಿತವಾದ ಚಿಪ್‌ಸೆಟ್ ಇದ್ದವರಿಗೆ ಅದೇ ಪ್ರೊಸೆಸರಿನಿಂದ ಆ ಲಾಭ ಇರಲಿಲ್ಲ. ಜೋಡಿಯ ನಿಯಮ ಅಂದೇ ಇತ್ತು.

2003ರ ಎಎಂಡಿ ಅಥ್ಲಾನ್ ಎಕ್ಸ್‌ಪಿ 2500+ ಕೂಡ ಇದೇ ಬಗೆಯದು. 166 ಮೆಗಾಹರ್ಟ್ಸ್ ಮೂಲ ಆವೃತ್ತಿ, 11ರ ಗುಣಕ, ವೇಗ 1.83 ಗಿಗಾಹರ್ಟ್ಸ್. ಮೂಲ ಆವೃತ್ತಿಯನ್ನು 200ಕ್ಕೆ ಏರಿಸಿದರೆ 2.2 ಗಿಗಾಹರ್ಟ್ಸ್, ಅಂದರೆ ಆ ಸರಣಿಯ ಮೇಲ್ತುದಿಯ 3200+ ಪ್ರೊಸೆಸರಿನ ವೇಗ.

2011ರಲ್ಲಿ ಇಂಟೆಲಿನ ಎರಡನೆಯ ಪೀಳಿಗೆಯ ಕೋರ್ ಪ್ರೊಸೆಸರುಗಳು ಬಂದಾಗ ಈ ದಾರಿ ಮುಚ್ಚಿತು. ಮೂಲ ಆವೃತ್ತಿಯನ್ನು ಇತರ ಭಾಗಗಳೊಂದಿಗೆ ಕಟ್ಟಿಹಾಕಿದ ಕಾರಣ ಅದನ್ನು ಏರಿಸುವ ಅವಕಾಶ ಅತ್ಯಲ್ಪವಾಯಿತು; ಗುಣಕದ ಬೀಗ ತೆರೆದಿರುವ ಪ್ರೊಸೆಸರುಗಳನ್ನು ‘ಕೆ’ ಅಕ್ಷರದೊಂದಿಗೆ, ಹೆಚ್ಚಿನ ಬೆಲೆಗೆ ಮಾರುವ ಪದ್ಧತಿ ನೆಲೆಗೊಂಡಿತು. ಹಣವಿಲ್ಲದವರ ಉಪಾಯವಾಗಿದ್ದುದು ಹಣ ತೆತ್ತು ಕೊಳ್ಳುವ ಸೌಕರ್ಯವಾಯಿತು.

ನಡುವೆ 2014ರಲ್ಲಿ ಇಂಟೆಲ್ 72 ಡಾಲರಿಗೆ ಪೆಂಟಿಯಂ ಜಿ3258 ಎಂಬ ಬೀಗವಿಲ್ಲದ ಪ್ರೊಸೆಸರನ್ನು ತಂದಿತು. 3.2 ಗಿಗಾಹರ್ಟ್ಸ್ ವೇಗದ ಅದು 4 ಗಿಗಾಹರ್ಟ್ಸನ್ನು ಸುಲಭವಾಗಿ ದಾಟುತ್ತಿತ್ತು. ಆದರೆ ಅದಕ್ಕಿದ್ದುದು ಎರಡೇ ಕೋರ್. ಅದೇ ವರ್ಷ ಬಿಡುಗಡೆಯಾದ ‘ಫಾರ್ ಕ್ರೈ 4’ ಎಂಬ ಆಟವು ಎರಡೇ ಕೋರಿನ ಇಂತಹ ಪ್ರೊಸೆಸರುಗಳಲ್ಲಿ ಆರಂಭವಾಗಲೇ ಇಲ್ಲ. ವೇಗವನ್ನು ಏರಿಸಬಹುದು, ಇಲ್ಲದ ಕೋರುಗಳನ್ನು ಹುಟ್ಟಿಸಲಾಗದು. ಇದು ಬಜೆಟ್ ಹಿಡಿದು ಹೊರಟವರಿಗೆ ಮೊದಲ ಪಾಠ.

2017ರಲ್ಲಿ ಬಂದ ಎಎಂಡಿ ರೈಜೆನ್ ಸರಣಿ ಮತ್ತೆ ಬಾಗಿಲು ತೆರೆಯಿತು. ಆ ಸರಣಿಯ ಎಲ್ಲ ಪ್ರೊಸೆಸರುಗಳ ಗುಣಕವೂ ಮುಕ್ತವಾಗಿತ್ತು. 219 ಡಾಲರಿನ ರೈಜೆನ್ 5 1600 ಪ್ರೊಸೆಸರಿನಲ್ಲಿ ಆರು ಕೋರುಗಳಿದ್ದು, ಶಾಖ ತಗ್ಗಿಸುವ ಕೂಲರ್ ಪೆಟ್ಟಿಗೆಯಲ್ಲಿಯೇ ಬರುತ್ತಿತ್ತು. ಎಲ್ಲ ಕೋರುಗಳೂ ದುಡಿಯುವಾಗ ಅದರ ಸಹಜ ವೇಗ 3.4 ಗಿಗಾಹರ್ಟ್ಸ್, ಕೈಯಾರೆ 3.8ಕ್ಕೆ ಏರಿಸಿದರೆ ಸುಮಾರು ಶೇ. 12ರಷ್ಟು ಲಾಭ.

ಈಗ 2022ರ ರೈಜೆನ್ 5 5600 ನೋಡಿ. ಅದು ತಾನಾಗಿಯೇ 4.4 ಗಿಗಾಹರ್ಟ್ಸ್‌ವರೆಗೆ ಏರಬಲ್ಲದು. ಕೈಯಾರೆ 4.6ಕ್ಕೆ ಕೊಂಡೊಯ್ದರೂ ಲಾಭ ಶೇ. 5ನ್ನು ಮುಟ್ಟುವುದಿಲ್ಲ. 1998ರಲ್ಲಿ ಶೇ. 50, 2017ರಲ್ಲಿ ಶೇ. 12, 2022ರಲ್ಲಿ ಶೇ. 5ರೊಳಗೆ. ಹಿಂದೆ ತಯಾರಕರು ಬಿಟ್ಟಿರುತ್ತಿದ್ದ ಅವಕಾಶವನ್ನು ಇಂದಿನ ಪ್ರೊಸೆಸರುಗಳು ಶಾಖ ಮತ್ತು ವಿದ್ಯುತ್ತಿನ ಮಿತಿಯನ್ನು ಕ್ಷಣಕ್ಷಣಕ್ಕೂ ಅಳೆಯುತ್ತ ತಾವೇ ಬಳಸಿಕೊಳ್ಳುತ್ತವೆ.

ಬೀಗ ಎರಡು ಕಡೆ ಇರುತ್ತದೆ

ಪ್ರೊಸೆಸರಿನಲ್ಲಿ ಒಂದು ಬೀಗ, ಬೋರ್ಡಿನ ಚಿಪ್‌ಸೆಟ್ಟಿನಲ್ಲಿ ಇನ್ನೊಂದು. ಎರಡೂ ತೆರೆದಿದ್ದರೆ ಮಾತ್ರ ಗುಣಕವನ್ನು ಏರಿಸಲು ಸಾಧ್ಯ.

ಇಂಟೆಲಿನಲ್ಲಿ: ಪ್ರೊಸೆಸರಿನ ಹೆಸರಿನ ಕೊನೆಗೆ ‘ಕೆ’ ಅಥವಾ ‘ಕೆಎಫ್’ ಇರಬೇಕು. ಬರೀ ‘ಎಫ್’ ಎಂದಿದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದು ಮಾತ್ರ ಅರ್ಥ. ಬೀಗಕ್ಕೂ ಅದಕ್ಕೂ ಸಂಬಂಧವಿಲ್ಲ. ಬೋರ್ಡು ಝಡ್ ಸರಣಿಯದಾಗಿರಬೇಕು: ಝಡ್690, ಝಡ್790, ಝಡ್890 ಇತ್ಯಾದಿ. ಬಿ660, ಬಿ760 ಬೋರ್ಡುಗಳಲ್ಲಿ ರ‍್ಯಾಮಿನ ವೇಗವನ್ನು ಏರಿಸಬಹುದು, ಪ್ರೊಸೆಸರಿನ ಗುಣಕವನ್ನು ಏರಿಸುವಂತಿಲ್ಲ. ಎಚ್610ರಲ್ಲಿ ಎರಡೂ ಇಲ್ಲ.

ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ: ಬಿ350, ಬಿ450, ಬಿ550 ಮತ್ತು ಎಕ್ಸ್ ಸರಣಿಯ ಬೋರ್ಡುಗಳಲ್ಲಿ ಅವಕಾಶವಿದೆ. ಎ320, ಎ520 ಬೋರ್ಡುಗಳಲ್ಲಿ ಪ್ರೊಸೆಸರಿನ ಓವರ್‌ಕ್ಲಾಕಿಂಗ್ ಇಲ್ಲ. ಪ್ರೊಸೆಸರುಗಳಲ್ಲಿ ರೈಜೆನ್ 7 5800ಎಕ್ಸ್3ಡಿ ಒಂದು ಅಪವಾದ. ಅದರ ಗುಣಕಕ್ಕೆ ಬೀಗವಿದೆ.

ಎಎಂ5 ಸಾಕೆಟ್ಟಿನಲ್ಲಿ: ಬಿ650, ಬಿ850 ಮತ್ತು ಎಕ್ಸ್ ಸರಣಿಯ ಬೋರ್ಡುಗಳಲ್ಲಿ ಅವಕಾಶವಿದೆ, ಎ620ರಲ್ಲಿ ಇಲ್ಲ. ಬಿ840 ಎಂಬ ಚಿಪ್‌ಸೆಟ್ಟಿನಲ್ಲಿಯೂ ಪ್ರೊಸೆಸರಿನ ಓವರ್‌ಕ್ಲಾಕಿಂಗ್ ಇಲ್ಲ. ‘ಬಿ’ ಅಕ್ಷರವನ್ನು ಕಂಡೊಡನೆ ನಂಬದೆ ಸಂಖ್ಯೆಯನ್ನೂ ಓದಬೇಕು.

ಬೀಗವನ್ನು ಹಿಂಬಾಗಿಲಿನಿಂದ ತೆರೆಯುವ ಉಪಾಯಗಳ ಬಗ್ಗೆಯೂ ಕೇಳಿಬರುತ್ತದೆ. 2015ರ ಕೊನೆಯಲ್ಲಿ ಕೆಲವು ಬೋರ್ಡು ತಯಾರಕರು ಇಂಟೆಲಿನ ಆರನೆಯ ಪೀಳಿಗೆಯ ಬೀಗವಿರುವ ಪ್ರೊಸೆಸರುಗಳನ್ನೂ ಮೂಲ ಆವೃತ್ತಿಯ ಮೂಲಕ ಏರಿಸುವ ಬಯೋಸ್ ತಂತ್ರಾಂಶ ಬಿಡುಗಡೆ ಮಾಡಿದರು. ಕೆಲವೇ ತಿಂಗಳಲ್ಲಿ, 2016ರ ಆರಂಭದಲ್ಲಿ, ಆ ದಾರಿಯನ್ನು ಮುಚ್ಚುವ ಹೊಸ ಬಯೋಸ್‌ಗಳು ಬಂದವು. ಇಂತಹ ಸಂದಿಯನ್ನು ನಂಬಿ ಹಣ ಹೂಡಬಾರದು.

ಬೋರ್ಡಿನಲ್ಲಿ ನೋಡಬೇಕಾದುದು

ಬೋರ್ಡಿನ ಬಣ್ಣದ ದೀಪಗಳಿಗಾಗಲಿ, ಪೆಟ್ಟಿಗೆಯ ಮೇಲಿನ ‘ಗೇಮಿಂಗ್’ ಎಂಬ ಪದಕ್ಕಾಗಲಿ ವೇಗದೊಂದಿಗೆ ಸಂಬಂಧವಿಲ್ಲ. ನೋಡಬೇಕಾದುದು ವಿಆರ್‌ಎಂ ಎಂಬ ವಿದ್ಯುತ್ ನಿಯಂತ್ರಣ ಭಾಗವನ್ನು. ಪ್ರೊಸೆಸರಿನ ಸಾಕೆಟ್ಟಿನ ಪಕ್ಕದಲ್ಲಿ ಸಾಲಾಗಿ ಕಾಣುವ ಚೌಕಾಕಾರದ ಸುರುಳಿಗಳು ಮತ್ತು ಅವುಗಳ ಬಳಿಯ ಮಾಸ್‌ಫೆಟ್‌ಗಳು ಸೇರಿ ಇದಾಗುತ್ತದೆ. ಪವರ್ ಸಪ್ಲೈಯಿಂದ ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸುವುದು ಇದರ ಕೆಲಸ.

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರೊಸೆಸರು 1.25 ವೋಲ್ಟಿನಲ್ಲಿ 100 ವಾಟ್ ಬಳಸಿದರೆ ಅದರೊಳಗೆ ಹರಿಯುವ ವಿದ್ಯುತ್ ಪ್ರವಾಹ 80 ಆಂಪಿಯರ್. ವಿಆರ್‌ಎಂನಲ್ಲಿ ನಾಲ್ಕು ಹಂತಗಳಿದ್ದರೆ ಒಂದೊಂದರ ಪಾಲಿಗೆ 20 ಆಂಪಿಯರ್. ಎಂಟು ಹಂತಗಳಿದ್ದರೆ 10. ರೋಧದಿಂದ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಬಿಡಿಭಾಗಗಳು ಒಂದೇ ಗುಣಮಟ್ಟದವಾದರೆ, ಎಂಟು ಹಂತಗಳ ಬೋರ್ಡಿನಲ್ಲಿ ಈ ಬಗೆಯ ಶಾಖ ಒಟ್ಟಾರೆ ಅರ್ಧಕ್ಕಿಳಿಯುತ್ತದೆ. ಬಿಡಿಭಾಗಗಳ ಗುಣಮಟ್ಟವೂ ಮುಖ್ಯವಾದುದರಿಂದ ಸುರುಳಿಗಳನ್ನು ಎಣಿಸಿ ತೀರ್ಮಾನಕ್ಕೆ ಬರಬಾರದು. ಆದರೂ ವಿಆರ್‌ಎಂ ಮೇಲೆ ಲೋಹದ ಶಾಖಹಾರಿ ಪಟ್ಟಿಯೇ ಇಲ್ಲದ ಬೋರ್ಡನ್ನು ಓವರ್‌ಕ್ಲಾಕಿಂಗಿಗೆ ಆಯ್ದುಕೊಳ್ಳಬಾರದೆಂಬುದು ಸುಲಭದ ನಿಯಮ. ವಿಆರ್‌ಎಂ ಅತಿಯಾಗಿ ಕಾದರೆ ಪ್ರೊಸೆಸರು ವೇಗ ತಗ್ಗಿಸಿಕೊಳ್ಳುತ್ತದೆ. ಏರಿಸಲು ಹೋದ ವೇಗ ಸಹಜ ಮಟ್ಟಕ್ಕಿಂತ ಕೆಳಗಿಳಿಯುವುದುಂಟು.

ಪ್ರೊಸೆಸರಿನ ಪೆಟ್ಟಿಗೆಯ ಮೇಲಿನ ‘65 ವಾಟ್’ ಎಂಬ ಸಂಖ್ಯೆಯನ್ನು ಗರಿಷ್ಠ ಬಳಕೆಯೆಂದು ತಿಳಿಯಬಾರದು. ಮೇಲೆ ಹೇಳಿದ ಕೋರ್ ಐ5-12400ರ ಮೂಲ ಬಳಕೆ 65 ವಾಟ್ ಆದರೂ ಏರುವೇಗದಲ್ಲಿ ಇಂಟೆಲ್ ನಮೂದಿಸಿದ ಮಿತಿ 117 ವಾಟ್. ಬೋರ್ಡು ಇದನ್ನು ತಾಳುವಂತಿರಬೇಕು.

ಇನ್ನು ಮೂರು ವಿಷಯಗಳನ್ನು ಗಮನಿಸಬೇಕು. ಒಂದು, ರ‍್ಯಾಮಿಗೆ ನಾಲ್ಕು ಸ್ಥಾನಗಳಿದ್ದರೆ ಮುಂದೆ ಸೇರಿಸಲು ಅನುಕೂಲ. ಎರಡು, ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸ್ ನವೀಕರಿಸುವ ಸೌಲಭ್ಯವಿದ್ದರೆ ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕುವಾಗ ಬೇರೆಯವರ ಬಳಿ ಅಲೆಯಬೇಕಾಗಿಲ್ಲ. ಮೂರು, ಬೋರ್ಡಿನ ತಯಾರಕರ ಜಾಲತಾಣದಲ್ಲಿ ಆ ಬೋರ್ಡಿಗೆ ಹೊಂದುವ ಪ್ರೊಸೆಸರುಗಳ ಪಟ್ಟಿ ಇರುತ್ತದೆ. ಅಂಗಡಿಗೆ ಹೋಗುವ ಮುನ್ನ ಅದರಲ್ಲಿ ನಿಮ್ಮ ಪ್ರೊಸೆಸರಿನ ಹೆಸರೂ, ಅದಕ್ಕೆ ಬೇಕಾದ ಬಯೋಸ್ ಆವೃತ್ತಿಯೂ ಇದೆಯೇ ಎಂದು ನೋಡಿ ಬರೆದುಕೊಳ್ಳಬೇಕು.

ಪೂರ್ಣ ವೆಚ್ಚದ ಲೆಕ್ಕ: ಒಂದು ನಿದರ್ಶನ

ಬಿಡಿಭಾಗಗಳ ಬೆಲೆ ವಾರದಿಂದ ವಾರಕ್ಕೆ ಬದಲಾಗುತ್ತದೆ. ಆದುದರಿಂದ ಇಲ್ಲಿನ ರೂಪಾಯಿಗಳನ್ನು ತರಗತಿಯ ಲೆಕ್ಕದಂತೆ ಕಲ್ಪಿತವೆಂದು ತಿಳಿದು, ಕೊಳ್ಳುವ ದಿನದ ಬೆಲೆಗಳನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಬೇಕು.

ಆರು ಕೋರಿನ ಪ್ರೊಸೆಸರಿಗೆ 12,000 ರೂಪಾಯಿ. ಅದೇ ಸರಣಿಯ ಎಂಟು ಕೋರಿನದಕ್ಕೆ 16,000 ರೂಪಾಯಿ ಎಂದಿಟ್ಟುಕೊಳ್ಳೋಣ. ಆರು ಕೋರಿನದನ್ನು ಕೊಂಡು ಓವರ್‌ಕ್ಲಾಕ್ ಮಾಡಲು ಹೊರಟರೆ ಉತ್ತಮ ಕೂಲರಿಗೆ 2,500, ಗಟ್ಟಿಯಾದ ವಿಆರ್‌ಎಂ ಇರುವ ಬೋರ್ಡಿಗೆ ಹೆಚ್ಚುವರಿಯಾಗಿ 3,000, ಒಟ್ಟು 5,500 ರೂಪಾಯಿ ಬೇಕು. ದೊರೆಯುವುದು ಶೇ. 5ರಷ್ಟು ವೇಗ, ಅಂದರೆ ಶೇಕಡಾ ಒಂದಕ್ಕೆ 1,100 ರೂಪಾಯಿ. ಎಂಟು ಕೋರಿನದಕ್ಕೆ ಹೋದರೆ ಹೆಚ್ಚುವರಿ 4,000 ರೂಪಾಯಿಗೆ ಶೇ. 33ರಷ್ಟು ಹೆಚ್ಚು ಕೋರುಗಳು, ಅಂದರೆ ಶೇಕಡಾ ಒಂದಕ್ಕೆ ಸುಮಾರು 121 ರೂಪಾಯಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವೀಡಿಯೊ ಸಂಕಲನದಂತೆ ಎಲ್ಲ ಕೋರುಗಳನ್ನೂ ಬಳಸುವ ಕೆಲಸಗಳಲ್ಲಿ ಮಾತ್ರ ಎರಡನೆಯ ಲಾಭ ಪೂರ್ಣವಾಗಿ ದೊರೆಯುತ್ತದೆ. ಹಲವು ಆಟಗಳಿಗೆ ಆರು ಕೋರು ಸಾಕು. ಅವುಗಳ ವೇಗ ಗ್ರಾಫಿಕ್ಸ್ ಕಾರ್ಡನ್ನು ಅವಲಂಬಿಸಿರುತ್ತದೆ. ಆಟಕ್ಕಾಗಿ ಕೊಳ್ಳುವವರು ಆ 5,500 ರೂಪಾಯಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಸೇರಿಸುವುದೇ ಲೇಸು.

ಹಾಗಾದರೆ ಮಿತವ್ಯಯದ ಜೋಡಿ ಯಾವುದು? ಎಎಂ4ರಲ್ಲಿ ರೈಜೆನ್ 5 5600 ಮತ್ತು ಶಾಖಹಾರಿ ಪಟ್ಟಿಯಿರುವ ಬಿ550 ಬೋರ್ಡು ಇಂದಿಗೂ ಸಮತೋಲದ ಜೋಡಿ. ಪ್ರೊಸೆಸರಿನ ಜೊತೆ ಕೂಲರ್ ಬರುತ್ತದೆ. ಆದರೆ ಒಳಗೆ ಗ್ರಾಫಿಕ್ಸ್ ಇಲ್ಲದ ಕಾರಣ ಕಾರ್ಡು ಬೇಕೇಬೇಕು. ಸ್ವಲ್ಪ ಹೆಚ್ಚು ಹಣವಿದ್ದು, ಮುಂದಿನ ವರ್ಷಗಳಲ್ಲಿ ಪ್ರೊಸೆಸರ್ ಬದಲಾಯಿಸುವ ಯೋಚನೆಯಿದ್ದರೆ ಎಎಂ5ರಲ್ಲಿ ರೈಜೆನ್ 5 7600 ಮತ್ತು ಬಿ650 ಬೋರ್ಡು ಸೂಕ್ತ. ಇದರಲ್ಲಿ ಸಾಧಾರಣ ಗ್ರಾಫಿಕ್ಸ್ ಒಳಗೇ ಇದೆ. ಇಂಟೆಲಿನಲ್ಲಿ ಕೆ ಪ್ರೊಸೆಸರ್ ಮತ್ತು ಝಡ್ ಬೋರ್ಡು ಎರಡಕ್ಕೂ ಹೆಚ್ಚಿನ ಬೆಲೆ ತೆರಬೇಕಾದುದರಿಂದ ಮಿತವ್ಯಯದ ಓವರ್‌ಕ್ಲಾಕಿಂಗ್ ಕಷ್ಟ. ಇಂಟೆಲನ್ನೇ ಬಯಸುವವರು ಕೆ ಇಲ್ಲದ ಐ5 ಮತ್ತು ಬಿ760 ಬೋರ್ಡು ಕೊಂಡು ಓವರ್‌ಕ್ಲಾಕಿಂಗನ್ನು ಮರೆಯುವುದು ಒಳ್ಳೆಯದು.

ಒಳ್ಳೆಯ ಬೋರ್ಡಿಗೆ ಹಾಕಿದ ಹಣ ಓವರ್‌ಕ್ಲಾಕಿಂಗ್ ಮಾಡದಿದ್ದರೂ ವ್ಯರ್ಥವಲ್ಲ. 2018ರಲ್ಲಿ ಗಟ್ಟಿಮುಟ್ಟಾದ ಬಿ450 ಬೋರ್ಡು ಕೊಂಡವರು 2022ರಲ್ಲಿ ಬಯೋಸ್ ನವೀಕರಿಸಿ ಅದೇ ಬೋರ್ಡಿನಲ್ಲಿ 5800ಎಕ್ಸ್3ಡಿ ಹಾಕಿಕೊಂಡರು. 2020ರ ಮೇ ತಿಂಗಳಲ್ಲಿ ಎಎಂಡಿ ಈ ಬೋರ್ಡುಗಳಿಗೆ ಹೊಸ ಪೀಳಿಗೆಯ ಬೆಂಬಲವಿಲ್ಲವೆಂದು ಹೇಳಿ, ಬಳಕೆದಾರರ ಆಕ್ಷೇಪ ಕೇಳಿಬಂದ ಮೇಲೆ ತೀರ್ಮಾನ ಬದಲಿಸಿತ್ತು. ಹಾಗೆ ದೊರೆತ ಲಾಭದ ಮುಂದೆ ಗುಣಕ ಏರಿಸಿ ಪಡೆಯುವ ಲಾಭ ಬಹಳ ಸಣ್ಣದು.

ನಮ್ಮ ಬಿಸಿಲು, ನಮ್ಮ ವಿದ್ಯುತ್ತು

ಓವರ್‌ಕ್ಲಾಕಿಂಗಿನ ಫಲಿತಾಂಶಗಳನ್ನು ಬಹುಮಟ್ಟಿಗೆ ತಂಪಾದ ಕೋಣೆಗಳಲ್ಲಿ ಅಳೆದಿರುತ್ತಾರೆ. ಗಾಳಿಯಿಂದ ತಣಿಸುವ ಕೂಲರು ಪ್ರೊಸೆಸರನ್ನು ಕೋಣೆಯ ತಾಪಕ್ಕಿಂತ ಕೆಳಕ್ಕೆ ಇಳಿಸಲಾರದು. 25 ಡಿಗ್ರಿಯ ಕೋಣೆಯಲ್ಲಿ 75 ಡಿಗ್ರಿ ತೋರಿಸುವ ಪ್ರೊಸೆಸರು 40 ಡಿಗ್ರಿಯ ಕೋಣೆಯಲ್ಲಿ ಹತ್ತಿರಹತ್ತಿರ 90 ತೋರಿಸುತ್ತದೆ. ರೈಜೆನ್ ಸರಣಿಯ ಹಲವು ಪ್ರೊಸೆಸರುಗಳ ಮಿತಿಯೇ 90 ಅಥವಾ 95 ಡಿಗ್ರಿ. ನೀಲಗಿರಿಯಲ್ಲಿರುವವರಿಗೆ ಈ ಚಿಂತೆ ಕಡಿಮೆ. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಸೊಲ್ಲಾಪುರದಲ್ಲಿ, ಆದೋನಿಯ ಬಯಲಿನಲ್ಲಿ ಡಿಸೆಂಬರಿನಲ್ಲಿ ಸ್ಥಿರವಾಗಿದ್ದ ಓವರ್‌ಕ್ಲಾಕ್ ಬೇಸಿಗೆಯಲ್ಲಿ ಕೈಕೊಡುವುದು ಸಹಜ. ಅಲ್ಲಿರುವವರು ಬೇಸಿಗೆಯ ಮಧ್ಯಾಹ್ನವೇ ಪರೀಕ್ಷಿಸಿ ಮಿತಿ ಗೊತ್ತುಪಡಿಸಿಕೊಳ್ಳಬೇಕು.

ಪವರ್ ಸಪ್ಲೈಯಲ್ಲಿ ಎಂದಿಗೂ ಉಳಿತಾಯ ಮಾಡಬಾರದು. ‘80 ಪ್ಲಸ್’ ಚಿಹ್ನೆ ದಕ್ಷತೆಯನ್ನು ಮಾತ್ರ ಹೇಳುತ್ತದೆ. ರಕ್ಷಣಾ ವ್ಯವಸ್ಥೆಗಳ ವಿವರವನ್ನು ಬೇರೆಯಾಗಿ ಓದಬೇಕು. ವೋಲ್ಟೇಜ್ ಏರಿಳಿಯುವ ಊರುಗಳಲ್ಲಿ ಯುಪಿಎಸ್ ಬೇಕು. ಸಾಮಾನ್ಯವಾಗಿ ದೊರೆಯುವ 600 ವಿಎ ಯುಪಿಎಸ್ ತಾಳುವುದು ಸುಮಾರು 360 ವಾಟ್. ಗ್ರಾಫಿಕ್ಸ್ ಕಾರ್ಡಿರುವ ಯಂತ್ರವನ್ನು ಓವರ್‌ಕ್ಲಾಕ್ ಮಾಡಿದರೆ ಈ ಮಿತಿ ಸುಲಭವಾಗಿ ಮೀರುತ್ತದೆ. ಕರೆಂಟು ಹೋದ ಕ್ಷಣದಲ್ಲೇ ಯುಪಿಎಸ್ ಕೂಡ ಕೈಚೆಲ್ಲುತ್ತದೆ. ಈ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಕೊಳ್ಳುವಾಗ

ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಿಡಿಭಾಗ ಕೊಳ್ಳುವುದು ವಾಡಿಕೆ. ದೂರದಿಂದ ತರುವ ವಸ್ತುವಿಗೆ ಬಿಲ್ ಇಲ್ಲದಿದ್ದರೆ ಹಿಂದಿರುಗಿಸುವ ದಾರಿಯೇ ಇರುವುದಿಲ್ಲ. ಶೇ. 18ರ ಜಿಎಸ್‌ಟಿ ಉಳಿಸುವ ಆಸೆಗೆ ಬಿಲ್ ಬಿಡಬಾರದು. ಬಿಲ್ಲಿನಲ್ಲಿ ಸರಣಿ ಸಂಖ್ಯೆ ಬರೆಸಿಕೊಳ್ಳಬೇಕು. ತಯಾರಕರ ಮುಚ್ಚಿದ ಪೆಟ್ಟಿಗೆಯಲ್ಲಿ ಬರುವ ಪ್ರೊಸೆಸರಿಗೆ ಮೂರು ವರ್ಷದ ವಾರಂಟಿ ಇರುತ್ತದೆ. ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಮಾರುವ ಪ್ರೊಸೆಸರಿನ ಹೊಣೆ ಸಾಮಾನ್ಯವಾಗಿ ಮಾರಿದವರದು. ಓವರ್‌ಕ್ಲಾಕಿಂಗಿನಿಂದಾದ ಹಾನಿಗೆ ತನ್ನ ವಾರಂಟಿ ಅನ್ವಯಿಸದೆಂದು ಎಎಂಡಿ ಸ್ಪಷ್ಟವಾಗಿ ಹೇಳಿದೆ. ಗುಣಕ ಮುಕ್ತವಾಗಿದೆ ಎಂದರೆ ಹೊಣೆಯನ್ನು ಕಂಪನಿ ಹೊತ್ತಿದೆ ಎಂದಲ್ಲ.

ಬಳಸಿದ ವಸ್ತು ಕೊಳ್ಳುವುದು ಮಿತವ್ಯಯಕ್ಕೆ ಒಳ್ಳೆಯ ದಾರಿ. ಎಎಂ4ರಲ್ಲಿ ಲೋಹದ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿರುತ್ತವೆ. ಎಎಂ5 ಮತ್ತು ಇಂಟೆಲಿನಲ್ಲಿ ಬೋರ್ಡಿನ ಸಾಕೆಟ್ಟಿನಲ್ಲಿರುತ್ತವೆ. ಎಲ್ಲಿವೆಯೋ ಅಲ್ಲಿ ಟಾರ್ಚ್ ಹಿಡಿದು, ಒಂದೂ ಬಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇಂಟೆಲಿನ 13 ಮತ್ತು 14ನೆಯ ಪೀಳಿಗೆಯ ಮೇಲ್ದರ್ಜೆಯ ಪ್ರೊಸೆಸರುಗಳನ್ನು ಬಳಸಿದ ಸ್ಥಿತಿಯಲ್ಲಿ ಕೊಳ್ಳುವಾಗ ವಿಶೇಷ ಎಚ್ಚರ ಬೇಕು. ಮಿತಿಮೀರಿದ ವೋಲ್ಟೇಜಿನಿಂದ ಅವುಗಳಲ್ಲಿ ಅಸ್ಥಿರತೆ ಉಂಟಾದುದನ್ನು 2024ರಲ್ಲಿ ಇಂಟೆಲ್ ಒಪ್ಪಿಕೊಂಡು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆದ ಹಾನಿಯನ್ನು ಹೊಸ ಬಯೋಸ್ ಸರಿಪಡಿಸಲಾರದು.

ಏರಿಸುವ ಕ್ರಮ

1. ಮುಖ್ಯವಾದ ಕಡತಗಳನ್ನು ಬೇರೆಡೆ ಉಳಿಸಿಕೊಳ್ಳಿ. ಅಸ್ಥಿರವಾದ ಯಂತ್ರವು ಸದ್ದಿಲ್ಲದೆ ಕಡತಗಳನ್ನು ಕೆಡಿಸಬಲ್ಲದು.

2. ಬಯೋಸ್ ನವೀಕರಿಸಿ. ಎಎಂ5ರಲ್ಲಿ ಇದು ಕಡ್ಡಾಯ. 2023ರಲ್ಲಿ ಕೆಲವು ಪ್ರೊಸೆಸರುಗಳು ಸುಟ್ಟುಹೋದ ಬಳಿಕ ಎಸ್‌ಒಸಿ ವೋಲ್ಟೇಜನ್ನು 1.3ಕ್ಕೆ ಸೀಮಿತಗೊಳಿಸುವ ಬಯೋಸ್‌ಗಳು ಬಂದವು.

3. ಮೊದಲು ರ‍್ಯಾಮನ್ನು ಸರಿಪಡಿಸಿ. 3200 ವೇಗವೆಂದು ಕೊಂಡ ಡಿಡಿಆರ್4 ರ‍್ಯಾಮ್, ಬಯೋಸಿನಲ್ಲಿ ಎಕ್ಸ್‌ಎಂಪಿ ಆಯ್ಕೆಮಾಡದಿದ್ದರೆ, ಎಷ್ಟೋ ಯಂತ್ರಗಳಲ್ಲಿ 2133 ಅಥವಾ 2400ರಲ್ಲಿ ನಡೆಯುತ್ತಿರುತ್ತದೆ. ಎರಡು ಪಟ್ಟಿಗಳನ್ನು ಸರಿಯಾದ ಸ್ಥಾನಗಳಲ್ಲಿ ಹಾಕಿ ಇದನ್ನು ಆಯ್ದರೆ ದೊರೆಯುವ ಲಾಭ, ಗುಣಕ ಏರಿಸುವ ಲಾಭಕ್ಕಿಂತ ಹೆಚ್ಚಾಗುವುದುಂಟು. ಖರ್ಚು ಏನೂ ಇಲ್ಲ. ಬಳಿಕ ಮೆಮ್‌ಟೆಸ್ಟ್86ರಿಂದ ಪರೀಕ್ಷಿಸಿ.

4. ರೈಜೆನ್ 5000 ಮತ್ತು ನಂತರದ ಸರಣಿಗಳಲ್ಲಿ ವೋಲ್ಟೇಜ್ ಏರಿಸುವ ಬದಲು ಇಳಿಸಿ ನೋಡಿ. ಕರ್ವ್ ಆಪ್ಟಿಮೈಜರ್ ಎಂಬ ಆಯ್ಕೆಯಲ್ಲಿ ಋಣ 10ರಿಂದ ಆರಂಭಿಸಬಹುದು. ಶಾಖ ತಗ್ಗಿದಂತೆ ಪ್ರೊಸೆಸರು ತಾನಾಗಿಯೇ ಹೆಚ್ಚು ಹೊತ್ತು ಏರುವೇಗದಲ್ಲಿ ಉಳಿಯುತ್ತದೆ. ನಮ್ಮ ಬೇಸಿಗೆಗೆ ಹೊಂದುವ ಮಾರ್ಗ ಇದು.

5. ಗುಣಕವನ್ನೇ ಏರಿಸುವುದಾದರೆ ಒಮ್ಮೆಗೆ 50ರಿಂದ 100 ಮೆಗಾಹರ್ಟ್ಸ್ ಮಾತ್ರ ಏರಿಸಿ. ಪ್ರತಿ ಹೆಜ್ಜೆಯಲ್ಲೂ ಸಿನೆಬೆಂಚ್ ಅಥವಾ ಪ್ರೈಮ್95 ಅರ್ಧ ಗಂಟೆ ನಡೆಸಿ, ಎಚ್‌ಡಬ್ಲ್ಯೂಇನ್ಫೋದಲ್ಲಿ ತಾಪ ಗಮನಿಸಿ, ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಯಂತ್ರ ನಿಂತರೆ ಒಂದು ಹೆಜ್ಜೆ ಹಿಂದೆ ಬನ್ನಿ. ರೈಜೆನ್ 5000 ಸರಣಿಯಲ್ಲಿ ಸ್ಥಿರ ವೋಲ್ಟೇಜನ್ನು 1.25ರಿಂದ 1.3ರೊಳಗೆ ನಿಲ್ಲಿಸುವುದು ಅನುಭವಿಗಳ ರೂಢಿ.

6. ಯಂತ್ರ ತೆರೆದುಕೊಳ್ಳದಿದ್ದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಬೋರ್ಡಿನ ಗುಂಡು ಬ್ಯಾಟರಿಯನ್ನು ಕೆಲವು ನಿಮಿಷ ಹೊರತೆಗೆದಿಟ್ಟರೆ ಬಯೋಸ್ ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಮರಳುತ್ತದೆ.

ಯಾರಿಗೆ ಬೇಡ

ಶಾಲೆಯ, ಪಂಚಾಯತಿಯ, ಸಹಕಾರಿ ಸಂಘದ ಯಂತ್ರಗಳನ್ನು ಓವರ್‌ಕ್ಲಾಕ್ ಮಾಡಕೂಡದು. ಅಲ್ಲಿನ ದಾಖಲೆಗಳು ನಮ್ಮ ಪ್ರಯೋಗಕ್ಕಿಂತ ದೊಡ್ಡವು. ಕನ್ನಡ ಬೆರಳಚ್ಚು, ಆನ್‌ಲೈನ್ ಪಾಠ, ಲೆಕ್ಕಪತ್ರಗಳಿಗೆ ಅದರ ಅಗತ್ಯವೂ ಇಲ್ಲ. ಅಂತಹ ಕೆಲಸಕ್ಕೆ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಹೆಚ್ಚಿಸಿದರೆ ಹಳೆಯ ಯಂತ್ರವೂ ಚುರುಕಾಗುತ್ತದೆ. ಕೆಟ್ಟರೆ ಮತ್ತೊಂದು ಕೊಳ್ಳಲಾಗದ ಮನೆಯಲ್ಲಿ ಇರುವ ಒಂದೇ ಯಂತ್ರವನ್ನು ಪಣಕ್ಕೊಡ್ಡಬಾರದು. ಕಲಿಯುವ ಕುತೂಹಲವಿದ್ದವರು ಬಳಸಿದ ಬಿ450 ಬೋರ್ಡು ಮತ್ತು ಹಳೆಯ ರೈಜೆನ್ 5 ತಂದು ಅದರ ಮೇಲೆ ಕಲಿಯಲಿ. ವೋಲ್ಟೇಜ್, ಪ್ರವಾಹ, ಶಾಖಗಳ ಸಂಬಂಧವನ್ನು ಅದು ಕೈಯಿಂದ ಮುಟ್ಟಿ ತಿಳಿಯುವಂತೆ ಕಲಿಸುತ್ತದೆ.

ಆ ಹುಡುಗನ ಯಂತ್ರ ಈಗ ಚೆನ್ನಾಗಿಯೇ ನಡೆಯುತ್ತಿದೆ. ಝಡ್690 ಬೋರ್ಡಿನಲ್ಲಿ ಅವನು ರ‍್ಯಾಮಿನ ಎಕ್ಸ್‌ಎಂಪಿ ಒಂದನ್ನು ಆಯ್ದುಕೊಂಡಿದ್ದಾನೆ. ಆ ಕೆಲಸವನ್ನು ಬಿ660 ಬೋರ್ಡೂ ಮಾಡುತ್ತಿತ್ತು. ಉಳಿದ ಹಣದಲ್ಲಿ ಅವನಿಗೆ ಇನ್ನೊಂದು 16 ಜಿಬಿ ರ‍್ಯಾಮ್ ಬರುತ್ತಿತ್ತು, ವೀಡಿಯೊ ಸಂಕಲನಕ್ಕೆ ಬೇಕಾಗಿದ್ದುದು ಅದೇ. ಅಂಗಡಿಗೆ ಹೊರಡುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ: ಪ್ರೊಸೆಸರಿನ ಪೂರ್ಣ ಹೆಸರು ಕೊನೆಯ ಅಕ್ಷರದ ಸಹಿತ, ಬೋರ್ಡಿನ ಚಿಪ್‌ಸೆಟ್ ಸಂಖ್ಯೆ, ಹೊಂದಾಣಿಕೆಯ ಪಟ್ಟಿಯಲ್ಲಿರುವ ಬಯೋಸ್ ಆವೃತ್ತಿ, ಕೂಲರ್ ಮತ್ತು ಪವರ್ ಸಪ್ಲೈ ಸೇರಿದ ಒಟ್ಟು ಮೊತ್ತ. ಈ ನಾಲ್ಕರಲ್ಲಿ ಒಂದು ಸಾಲು ಖಾಲಿ ಉಳಿದರೂ ಅಂದು ಹಣ ಕೊಡಬೇಡಿ.